ಶಾಲೆಯ ರೇಡಿಯೊ ಕೆಡಲೆಂದು ಕಾಯುವ ಬೆಟ್ಟಮ್ಮ

ಕಿಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೋಟೆಲಿನ ಒಲೆ ಈಗಷ್ಟೇ ಹೊಗೆಯಾಡುತ್ತಿದೆ. ಡೈರಿಗೆ ಹಾಲು ಹಾಕುವವರು ಸೈಕಲ್ ಬೆಲ್ಲು ಬಾರಿಸುತ್ತ ಹೋಗುತ್ತಿದ್ದಾರೆ. ಕೆ.ಆರ್. ಪೇಟೆ ಕಡೆ ಹೊರಡುವ ಮೊದಲ ಬಸ್ಸಿನ ಮೂರನೇ ಸೀಟಿನಲ್ಲಿ ಬೆಟ್ಟಮ್ಮ ಆಗಲೇ ಕೂತಾಗಿದೆ. ಕಾಲ ಬಳಿ ತಗಡಿನ ಪೆಟ್ಟಿಗೆ, ಮಡಿಲಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. ಗಂಟಿನ ಮೂಲೆಯಿಂದ ಏರಿಯಲ್ ಕಡ್ಡಿಯೊಂದು ಇಣುಕುತ್ತಿದೆ.

"ಬೆಟ್ಟಕ್ಕ, ಮಗೀಗೆ ಅರ್ಧ ಟಿಕೀಟು ಅರೀಲಾ?" ಎಂದು ಕಂಡಕ್ಟರ್ ದೇವರಾಜು ಕೆಣಕುತ್ತಾರೆ.

"ಮಾತ್ ಕಲೀಲಿ ತಡಿಯಪ್ಪ, ಆಮ್ಯಾಕೆ ಅರಿವಂತೆ. ಇನ್ನೂ ಎಳೇದು," ಎನ್ನುತ್ತಾರೆ ಬೆಟ್ಟಮ್ಮ. ಹಿಂದಿನ ಸೀಟಿನವರು ನಗುತ್ತಾರೆ. ವಾರಕ್ಕೆ ಮೂರು ದಿನ ನಡೆಯುವ ತಮಾಷೆ ಇದು. ಆದರೂ ಯಾರಿಗೂ ಹಳಸಿಲ್ಲ.

ಗಂಟಿನಲ್ಲಿರುವುದು ಪಾಂಡವಪುರ ಕಡೆಯ ಒಂದು ಸರ್ಕಾರಿ ಶಾಲೆಯ ರೇಡಿಯೊ. ಮೂರು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಈ ಭಾಗದ ಶಾಲೆಗಳಿಗೆ ಒಂದೊಂದು ಟೂ-ಇನ್-ಒನ್ ಬಂತು. ಮಧ್ಯಾಹ್ನದ ಹೊತ್ತು ರೇಡಿಯೊದಲ್ಲಿ ಬರುವ ಪಾಠ ಕೇಳಿಸಬೇಕು, ಬೇಕಾದರೆ ಕ್ಯಾಸೆಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು ಎಂಬುದು ಯೋಜನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಅರವತ್ತೊಂದು ಶಾಲೆಗಳ ರೇಡಿಯೊಗಳ ಯೋಗಕ್ಷೇಮ ಬೆಟ್ಟಮ್ಮನವರದು. ಬೆಳಗೊಳದ ಕಡೆಯಿಂದ ಬಿಂಡಿಗನವಿಲೆಯವರೆಗೆ ಅವರು ಹತ್ತದ ಬಸ್ಸಿಲ್ಲ. ಬಸ್ಸು ನಿಲ್ಲುವ ಕಡೆಯಿಂದ ಮುಂದಕ್ಕೆ ನಡಿಗೆ.

ನಲವತ್ತೆರಡು ವರ್ಷದ ಬೆಟ್ಟಮ್ಮ ಓದಿದ್ದು ನಾಲ್ಕನೇ ತರಗತಿ. ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಅಣ್ಣ ಕೆಂಪಣ್ಣನಿಗೆ ಬುತ್ತಿ ಕೊಡಲು ಬಂದವರು ಅಲ್ಲೇ ಒಂದು ಗಳಿಗೆ ಕೂರುತ್ತಿದ್ದರು. ಗಳಿಗೆ ಹೋಗಿ ಮಧ್ಯಾಹ್ನವಾಯಿತು, ಮಧ್ಯಾಹ್ನ ಹೋಗಿ ಇಡೀ ದಿನವಾಯಿತು. ಇಂಗ್ಲಿಷ್ ಬಾರದಿದ್ದರೂ ರೇಡಿಯೊದೊಳಗಿನ ಬಿಡಿಭಾಗಗಳ ಲೆಕ್ಕವನ್ನು ಅವುಗಳ ಮೈಮೇಲಿನ ಬಣ್ಣದ ಪಟ್ಟಿಗಳಿಂದಲೇ ಕಲಿತರು. "ಕಂದು, ಕಪ್ಪು, ಕೆಂಪು ಅಂದ್ರೆ ಸಾವ್ರ. ಅಳದಿ, ನೇರ್ಳೆ, ಕೆಂಪು ಅಂದ್ರೆ ನಾಕ್ ಸಾವ್ರದ್ ಏಳ್ನೂರು. ಯಾರ್ ಮದ್ವೇಲಿ ಯಾವ್ ಅಂಚಿನ್ ಸೀರೆ ಉಟ್ಟಿದ್ರು ಅಂತ ನೆಪ್ಪಿರಕಿಲ್ವಾ? ಅಂಗೇಯಾ," ಎನ್ನುತ್ತಾರೆ.

ಅವರ ಮಿಕ್ಕ ಓದು ನಡೆದದ್ದೂ ಆ ಅಂಗಡಿಯಲ್ಲೇ. ರಿಪೇರಿಯಾದ ರೇಡಿಯೊಗಳನ್ನು ಮಧ್ಯಾಹ್ನ ಹಾಕಿ ಪರೀಕ್ಷಿಸುವಾಗ ಶಾಲಾ ಪಾಠದ ಹೊತ್ತು. "ನಾನ್ ಐದ್ನೇ ಕ್ಲಾಸು, ಆರ್ನೇ ಕ್ಲಾಸು ಓದಿದ್ದು ಬ್ಯಾರೇರ್ ರೇಡಿಯೊದಾಗೆ. ಗ್ರಹಣ ಯಾಕಾಯ್ತದೆ ಅಂತ ಒಂದಿನ ಏಳ್ತಿದ್ರು. ಅರ್ಧ ಏಳವ್ರೆ, ಗಿರಾಕಿ ಬಂದು ರೇಡಿಯೊ ಎತ್ಕಂಡ್ ಒಂಟೋದ. ಮಿಕ್ಕಿದ್ದರ್ಧ ನಂಗೆ ಗೊತ್ತಾಗಿದ್ದು ಮೂರ್ ವರ್ಸ ಆದ್ಮ್ಯಾಕೆ!" ಇದನ್ನು ನಗುತ್ತಲೇ ಹೇಳುತ್ತಾರೆ. ಆದರೆ ಆ ಗಿರಾಕಿಯ ಹೆಸರು ಇವತ್ತಿಗೂ ಮರೆತಿಲ್ಲ.

ಕೆಂಪಣ್ಣ ಟೀವಿಯ ಕೆಲಸ ಹಿಡಿದು ಮಂಡ್ಯ ಸೇರಿದ ಮೇಲೆ ಅಂಗಡಿ ತಂಗಿಯ ಪಾಲಿಗೆ ಬಂತು. ಶಾಲೆಗಳ ರೇಡಿಯೊ ನೋಡಿಕೊಳ್ಳಲು ಜನ ಬೇಕೆಂದು ಶಿಕ್ಷಣ ಇಲಾಖೆಯ ಕಚೇರಿಯವರು ಕರೆದಾಗ ಹಳ್ಳಿ ತಿರುಗುವ ಕೆಲಸಕ್ಕೆ ಬೇರೆ ಯಾವ ಮೆಕ್ಯಾನಿಕ್ಕೂ ಒಪ್ಪಲಿಲ್ಲ. ಬೆಟ್ಟಮ್ಮ ಹೋಗಿ ನಿಂತರು. "ಮೆಕ್ಯಾನಿಕ್ ಎಲ್ಲಮ್ಮಾ?" ಎಂದು ಸಾಹೇಬರು ಅವರ ಹಿಂದೆ ಮುಂದೆ ಹುಡುಕಿದರಂತೆ. "ನಾನೇಯ ಸಾ" ಎಂದರಂತೆ ಇವರು. ಅಂದು ಸಿಕ್ಕ ಮೊಹರು ಒತ್ತಿದ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಇಂದಿಗೂ ಪೆಟ್ಟಿಗೆಯ ತಳದಲ್ಲಿದೆ.

ಅವರ ಗಂಡ ಸಿದ್ದರಾಜು ರಾಗಿ ಹೊಲ, ಎರಡು ಹಸು ನೋಡಿಕೊಳ್ಳುತ್ತಾರೆ. ಹೆಂಡತಿಯ ಬಗ್ಗೆ ಅವರಿಗೆ ಇರುವ ತಕರಾರು ಒಂದೇ. "ನಮ್ಮನೆ ರೇಡಿಯೊ ಆರ್ ತಿಂಗ್ಳಿಂದ ಗೊರಗೊರ ಅಂತೈತೆ. ನಾನೂ ಒಂದ್ ಸ್ಕೂಲು ತಗದ್ಬುಡ್ತೀನಿ, ಆಗ್ಲಾರ ಬಂದಾಳು ರಿಪೇರಿಗೆ," ಎನ್ನುತ್ತಾರೆ.

ರೇಡಿಯೊಗಳು ಬಂದು ಸುಮಾರು ಎರಡು ವರ್ಷಕ್ಕೆ ಬೆಟ್ಟಮ್ಮ ತಿರುಗಾಟ ಶುರು ಮಾಡಿದಾಗ ಅರವತ್ತೊಂದರಲ್ಲಿ ನಲವತ್ನಾಲ್ಕು ರೇಡಿಯೊಗಳು ಮೂಕವಾಗಿದ್ದವು. ಅವುಗಳಲ್ಲಿ ಮೂವತ್ತೆಂಟನ್ನು ಯಾರೂ ಒಂದು ದಿನವೂ ಹಾಕಿರಲೇ ಇಲ್ಲ. ಸರ್ಕಾರದ ಸ್ವತ್ತು, ಕೆಟ್ಟರೆ ಯಾರು ಉತ್ತರ ಕೊಡುವುದು ಎಂದು ಮುಖ್ಯ ಶಿಕ್ಷಕರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆಯುಧಪೂಜೆಗೆ ಹೊರತೆಗೆದು ಕುಂಕುಮ ಇಟ್ಟು, ಹೂ ಮುಡಿಸಿ, ಮತ್ತೆ ಒಳಗಿಡುತ್ತಿದ್ದರು. ಒಳಗೆ ಹಾಕಿದ್ದ ಸೆಲ್ಲುಗಳು ಮಾತ್ರ ಪೂಜೆಗೆ ಸೊಪ್ಪು ಹಾಕದೆ ಸೋರಿ, ಒಳಗಿನ ತಂತಿ, ಸ್ಪ್ರಿಂಗುಗಳನ್ನೆಲ್ಲ ತಿಂದುಹಾಕಿದ್ದವು.

ಬೆಟ್ಟಮ್ಮನವರ ಬಳಿ ಒಂದು ನೋಟ್‌ಪುಸ್ತಕವಿದೆ. ಎಡಗಡೆಯ ಹಾಳೆಯ ಮೇಲೆ "ಕೂತು ಕೆಟ್ಟವು" ಎಂದು ಬರೆದಿದೆ, ಬಲಗಡೆ "ದುಡಿದು ಕೆಟ್ಟವು". ಎಡಗಡೆ ಹಾಳೆ ತುಂಬಿ ಅಂಚಿನಲ್ಲೂ ಬರೆದಾಗಿದೆ. ಬಲಗಡೆ ಇರುವುದು ಏಳೇ ಹೆಸರು. ಬಲಗಡೆ ಹೆಸರು ಏರಿದರೆ ಆ ಶಾಲೆಯಲ್ಲಿ ರೇಡಿಯೊ ಬಳಕೆಯಲ್ಲಿದೆ ಎಂದು ಅವರ ಲೆಕ್ಕ, ಅದಕ್ಕೇ ಈ ಹಾಳೆಯದೇ ಅವರಿಗೀಗ ಚಿಂತೆ. ಬಳಸದೆ ಇಟ್ಟಿರುವ ರೇಡಿಯೊಗಳನ್ನೆಲ್ಲ ಮಾರ್ಚ್ ಕೊನೆಯೊಳಗೆ ವಾಪಸ್ ತರಿಸಿಕೊಳ್ಳುತ್ತೇವೆ ಎಂದು ಕಚೇರಿಯಿಂದ ಓಲೆ ಬಂದಿದೆ. ಫೆಬ್ರವರಿ ಅರ್ಧ ಕಳೆದಿದೆ. ಪಾಠ ಕೇಳಿಸಿದ ದಿನಗಳನ್ನು ಬರೆದಿಡುವ ಪುಸ್ತಕ ಪ್ರತಿ ಶಾಲೆಯಲ್ಲೂ ಇದೆಯಲ್ಲ ಎಂದರೆ ಬೆಟ್ಟಮ್ಮ ಕೈಯಾಡಿಸಿಬಿಡುತ್ತಾರೆ. "ಪುಸ್ತಕದಾಗೆ ಎಲ್ಲಾ ರೇಡಿಯೊನೂ ದಿನಾ ಪಾಠ ಮಾಡ್ತಾವೆ ಬುಡಿ. ನಾನ್ ನೋಡದು ಗುಂಡಿಯ."

ಗುಂಡಿ ಎಂದರೆ ಸದ್ದು ಹೆಚ್ಚು ಕಡಿಮೆ ಮಾಡುವ ವಾಲ್ಯೂಮ್ ಗುಂಡಿ. ಅದರ ಮೇಲೊಂದು ಬಿಳಿ ಗೆರೆ ಇರುತ್ತದೆ. ರೇಡಿಯೊ ಆಡುತ್ತಿದ್ದರೆ ಬೆರಳು ತಾಗಿ ತಾಗಿ ಗೆರೆ ಮಾಸುತ್ತದೆ. ಬೀರುವಿನಲ್ಲಿ ಕೂತಿದ್ದರೆ ಗೆರೆ ಹೊಸದಾಗೇ ಉಳಿಯುತ್ತದೆ. ಇವತ್ತು ಪಾಂಡವಪುರಕ್ಕೆ ಹೊರಟಿರುವ ರೇಡಿಯೊದ ಗೆರೆ ಹಾಲಿನಷ್ಟು ಬೆಳ್ಳಗಿದೆ. ಶಾಲೆ ತಲುಪಿ ಅದನ್ನು ಮೇಜಿನ ಮೇಲಿಟ್ಟಾಗ ಅಲ್ಲಿನ ಮೇಷ್ಟ್ರು ಮೊದಲು ಕೈ ಹಾಕುವುದು ಬೀರುವಿನ ಬೀಗಕ್ಕೆ. ಬೆಟ್ಟಮ್ಮ ನಿಟ್ಟುಸಿರು ಬಿಟ್ಟು, ಆ ಶಾಲೆಯ ದಾಸ್ತಾನು ಪುಸ್ತಕ ಕೇಳುತ್ತಾರೆ.

ದಾಸ್ತಾನು ಪುಸ್ತಕ ಕೇಳುವ ಈ ಪದ್ಧತಿ ಶುರುವಾದದ್ದು ಕಳೆದ ಜುಲೈನಲ್ಲಿ, ಬಿಂಡಿಗನವಿಲೆ ಹತ್ತಿರದ ಒಂದು ಶಾಲೆಯಲ್ಲಿ. ಅಲ್ಲಿನ ಮುಖ್ಯ ಶಿಕ್ಷಕರು ಶಾಮಣ್ಣ. ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು, ಸೀಮೆಸುಣ್ಣದ ಚೂರಿಗೂ ಲೆಕ್ಕ ಇಡುವ ಮನುಷ್ಯ. "ತಪ್ಪು ನನ್ನದು, ಊರಿನದಲ್ಲ. ನನ್ನ ಹೆಸರು ಬರೀರಿ, ಊರಿನದು ಬೇಡ" ಎಂದು ಅವರೇ ಹೇಳಿರುವುದರಿಂದ ಊರಿನ ಹೆಸರು ಇಲ್ಲಿಲ್ಲ. ಆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ವರ್ಗವಾಗಿ ಹೋಗಿ ಒಂದು ವರ್ಷವಾಗಿತ್ತು. ಏಳನೇ ತರಗತಿಯ ಮೂವತ್ತಾರು ಮಕ್ಕಳು ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆಗೆ ಕೂರಬೇಕಿತ್ತು. ಅವರಿಗೆ ಇಂಗ್ಲಿಷ್ ಕಿವಿಗೆ ಬೀಳುವ ದಾರಿ ರೇಡಿಯೊ ಒಂದೇ.

ಶಾಮಣ್ಣ ಮೇಷ್ಟ್ರು ಬೀರು ತೆಗೆದು ರೇಡಿಯೊ ಕೊಟ್ಟಾಗ ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಬಿಚ್ಚಿರಲಿಲ್ಲ. ಹಿಂಬದಿಯ ಮುಚ್ಚಳ ತೆಗೆದರೆ ಸೆಲ್ಲುಗಳಿದ್ದ ಜಾಗದಲ್ಲಿ ಹಸಿರು ಬಿಳಿ ಕಿಟ್ಟ. ಮೇಷ್ಟ್ರ ಮುಖ ಇಳಿದುಹೋಯಿತು.

"ಒಂದು ದಿನವೂ ಹಾಕಲಿಲ್ಲಮ್ಮ. ಒಂದು ಮಗುವಿಗೂ ಮುಟ್ಟಗೊಡಲಿಲ್ಲ. ಆದರೂ ಹೇಗೆ ಕೆಟ್ಟಿತು?"

"ಅದ್ಕೇಯಾ ಸಾ ಕೆಟ್ಟಿರದು," ಎಂದರು ಬೆಟ್ಟಮ್ಮ.

ಅಂದು ಊರಿನಲ್ಲಿ ಕರೆಂಟಿರಲಿಲ್ಲ. ಬೆಸುಗೆಯ ಕಡ್ಡಿಯನ್ನು ಟೀ ಅಂಗಡಿಯ ಒಲೆಯಲ್ಲಿ ಕಾಯಿಸಿ, ಬಟ್ಟೆ ಸುತ್ತಿ ಹಿಡಿದು, ಆರುವ ಮುಂಚೆ ಶಾಲೆಗೆ ಓಡಿಬಂದು ಒಂದೊಂದೇ ತಂತಿ ಬೆಸೆದರು. ಹಾಗೆ ಹದಿನಾಲ್ಕು ಸಲ ಓಡಾಡಿದರು. ತುಕ್ಕು ತಿಂದ ಸ್ಪ್ರಿಂಗಿನ ಬದಲು ಹಳೇ ಟಾರ್ಚಿನದು ಕೂತಿತು. ಮಧ್ಯಾಹ್ನದ ಪಾಠದ ಹೊತ್ತಿಗೆ ರೇಡಿಯೊ ಗೊರಗುಟ್ಟಿ, ಆಮೇಲೆ ಗಂಟಲು ಸರಿಮಾಡಿಕೊಂಡಿತು. ಒಳಗಿನಿಂದ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಮಕ್ಕಳಿಗೆ ನಮಸ್ಕಾರ ಹೇಳಿದ್ದೇ ತಡ, ಮೂವತ್ತಾರೂ ಮಕ್ಕಳು ಧಡಕ್ಕನೆ ಎದ್ದು ನಿಂತು "ನಮಸ್ತೇ ಟೀಚರ್" ಎಂದು ರಾಗ ಎಳೆದರು. ಬಾಗಿಲಲ್ಲಿದ್ದ ಶಾಮಣ್ಣ ಮೇಷ್ಟ್ರು ಅಭ್ಯಾಸಬಲದಿಂದ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು. ಇದನ್ನು ಹೇಳುವಾಗ ಬೆಟ್ಟಮ್ಮನವರ ಕಣ್ಣು ತುಂಬುತ್ತದೆ. ಸೆರಗಿನಿಂದ ಒರೆಸಿಕೊಳ್ಳುವುದಕ್ಕೆ ಅವರಿಗೆ ಸಂಕೋಚವೇನಿಲ್ಲ.

ಪಾಠ ಮುಗಿಯಿತು. ಮೇಷ್ಟ್ರು ರೇಡಿಯೊವನ್ನು ಒರೆಸಿ ಮತ್ತೆ ಡಬ್ಬಕ್ಕೆ ಹಾಕತೊಡಗಿದರು. ಬೆಟ್ಟಮ್ಮನವರಿಗೆ ರೇಗಿತು.

"ನಿಮ್ಗೆ ಎದ್ರಿಕೆ ಕೆಡ್ತದೆ ಅಂತ ತಾನೆ ಸಾ? ತಗೀರಿ ನಿಮ್ ದಾಸ್ತಾನ್ ಪುಸ್ತಕವ. ಕೆಟ್ರೆ ಕಿಕ್ಕೇರಿ ಬೆಟ್ಟಮ್ಮನ್ ತಪ್ಪು ಅಂತ ಬರೀರಿ, ರುಜು ಆಕ್ತೀನಿ. ಬೀಗದ್ ಕೈಯ ಮಾತ್ರ ಮಕ್ಕಳ್ಗೆ ಕೊಟ್ಬುಡಿ."

ಶಾಮಣ್ಣ ಪುಸ್ತಕ ತೆಗೆದು ದುಂಡಗಿನ ಅಕ್ಷರಗಳಲ್ಲಿ ಬರೆದರು: "ಸದರಿ ರೇಡಿಯೊ ಕೆಟ್ಟಲ್ಲಿ ಕಿಕ್ಕೇರಿಯ ಬೆಟ್ಟಮ್ಮನವರು ಹೊಣೆ." ಬೆಟ್ಟಮ್ಮ ಕೆಳಗೆ ರುಜು ಹಾಕಿದರು. ಪಾಂಡವಪುರ ಕಡೆಯ ಇವತ್ತಿನ ಶಾಲೆಯೂ ಸೇರಿ ಈ ಸಾಲು ಈಗ ಇಪ್ಪತ್ತೇಳು ಶಾಲೆಗಳ ಪುಸ್ತಕದಲ್ಲಿದೆ. ಸರ್ಕಾರದ ಸ್ವತ್ತಿಗೆ ಇಷ್ಟು ಧೈರ್ಯವಾಗಿ ಹೆಗಲು ಕೊಟ್ಟವರು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು.

ಆದರೆ ಅಲ್ಲಿಂದಾಚೆಗೆ ಶಾಮಣ್ಣ ಮೇಷ್ಟ್ರ ಕಡೆಯಿಂದ ಸುದ್ದಿಯೇ ಇಲ್ಲ. ಏಳು ತಿಂಗಳಾಯಿತು, ರೇಡಿಯೊ ಒಂದು ಸಲವೂ ಕೆಟ್ಟಿಲ್ಲ. ಬೇರೆ ಮೆಕ್ಯಾನಿಕ್ ಆಗಿದ್ದರೆ ಮೀಸೆ ತಿರುವುತ್ತಿದ್ದರೇನೋ. ಬೆಟ್ಟಮ್ಮನವರಿಗೆ ಅನುಮಾನ. "ದಿನಾ ಮಕ್ಕಳ್ ಕೈಗೆ ಸಿಕ್ಕಿದ್ರೆ ಇಷ್ಟೊತ್ಗೆ ಏನಾರ ಕಿತ್ತೋಗ್ಬೇಕಿತ್ತು. ಮೇಷ್ಟ್ರು ಪುನಾ ಬೀಗ ಜಡ್ದವ್ರೆ ಅಂತ ಕಾಣ್ತದೆ," ಎಂದು ಪಾಂಡವಪುರದಿಂದ ವಾಪಸಾಗುವಾಗ ಬಸ್ಸಿನಲ್ಲಿ ಹೇಳುತ್ತಾರೆ. ಈ ತಿಂಗಳು ಅತ್ತ ಹೋಗಿ ನೋಡಬೇಕೆಂದುಕೊಂಡಿದ್ದಾರೆ. ಹೋಗಲು ಭಯ.

ಮಧ್ಯಾಹ್ನ ಮೂರು ಗಂಟೆಗೆ ಕಿಕ್ಕೇರಿಯಲ್ಲಿ ಇಳಿದರೆ ಅಂಗಡಿಯ ಮುಂದಿನ ಬೆಂಚಿನ ಮೇಲೆ ಬಿಳಿ ಪಂಚೆ, ಕಪ್ಪು ಕೋಟಿನ ಒಬ್ಬರು ಕೂತಿದ್ದಾರೆ. ಮಡಿಲಲ್ಲಿ ಟವೆಲ್ಲಿನ ಗಂಟು. ಅವರೇ ಶಾಮಣ್ಣ ಮೇಷ್ಟ್ರು.

"ಕ್ಷಮಿಸಬೇಕು ಬೆಟ್ಟಮ್ಮನವರೇ. ಕೆಟ್ಟುಹೋಯಿತು," ಎಂದು ತಲೆ ತಗ್ಗಿಸುತ್ತಾರೆ.

ಬೆಟ್ಟಮ್ಮ ಗಂಟು ಬಿಚ್ಚುತ್ತಾರೆ. ಮೊದಲು ಗುಂಡಿಯನ್ನೇ ನೋಡುತ್ತಾರೆ. ಬಿಳಿ ಗೆರೆ ಎಲ್ಲಿದೆ? ಗೆರೆಯಿರಲಿ, ಗುಂಡಿಯ ಅಂಚಿನ ಹಲ್ಲುಗಳೇ ನುಣ್ಣಗಾಗಿವೆ. ಮುಚ್ಚಳ ತೆಗೆದರೆ ಒಳಗೆ ಸೀಮೆಸುಣ್ಣದ ಪುಡಿ, ಅವರೆಕಾಯಿ ಸಿಪ್ಪೆಯ ಒಂದು ಚೂರು. ಕ್ಯಾಸೆಟ್ ತಿರುಗಿಸುವ ರಬ್ಬರ್ ಬೆಲ್ಟು ಸವೆದು ತುಂಡಾಗಿದೆ. ಬೆಟ್ಟಮ್ಮ ಜೋರಾಗಿ ನಕ್ಕುಬಿಡುತ್ತಾರೆ. ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡುತ್ತಾರೆ.

"ದಿನಾ ಆಕ್ತಿದ್ರಾ ಸಾ?"

"ಮಕ್ಕಳು ನನ್ನನ್ನೆಲ್ಲಿ ಕೇಳ್ತಾರಮ್ಮ! ಮಧ್ಯಾಹ್ನದ ಪಾಠ ಹಿಡಿದಿಟ್ಟುಕೊಂಡು ಮಾರನೇ ಬೆಳಿಗ್ಗೆ ಮತ್ತೆ ಎರಡೆರಡು ಸಲ ಹಾಕ್ತಾರೆ. ಅರ್ಪಿತ ಅಂತ ಒಬ್ಬಳು ರೇಡಿಯೊ ಮಂತ್ರಿ ಬೇರೆ ಆಗಿದಾಳೆ. ಬೀಗದ ಕೈ ಅವಳ ಹತ್ತಿರ. ಪರೀಕ್ಷೆ ಮುಂದಿನ ತಿಂಗಳು. ಇವತ್ತೇ ಸರಿಮಾಡಿ ಕೊಡಿ, ಬರಿಗೈಲಿ ಹೋದರೆ ನನ್ನನ್ನ ಶಾಲೆ ಒಳಗೆ ಬಿಡೋಲ್ಲ."

ಒಂದು ಗಂಟೆಯಲ್ಲಿ ಹೊಸ ಬೆಲ್ಟು ಬೀಳುತ್ತದೆ, ಹೊಸ ಗುಂಡಿ ಕೂರುತ್ತದೆ. ನೋಟ್‌ಪುಸ್ತಕದ ಬಲಗಡೆ ಹಾಳೆಯಲ್ಲಿ ಎಂಟನೆಯ ಹೆಸರು ಏರುತ್ತದೆ. "ಅರವತ್ತೊಂದೂ ಇಂಗೇ ಸವ್ದೋಗಿ ಬರ್ಲಿ ಸಾ. ಇನ್ನೇನ್ ಬೇಡ ನಂಗೆ," ಎನ್ನುತ್ತಾರೆ ಬೆಟ್ಟಮ್ಮ.

ಬಸ್ಸು ಹಾರ್ನ್ ಹೊಡೆಯುತ್ತಿದೆ. ಗಂಟು ಕಟ್ಟಿಕೊಂಡು ಎದ್ದ ಶಾಮಣ್ಣ ಮೇಷ್ಟ್ರು ಏನೋ ನೆನಪಾದವರಂತೆ ನಿಲ್ಲುತ್ತಾರೆ.

"ಆ ಹಳೇ ಗುಂಡಿ ಕೊಟ್ಬಿಡಿಮ್ಮ. ದಾಸ್ತಾನಿಗೆ ತೋರಿಸಬೇಕು."

ಗುಂಡಿ ಹಿಡಿದ ಬೆಟ್ಟಮ್ಮನವರ ಮುಷ್ಟಿ ಬಿಗಿಯಾಗುತ್ತದೆ.

"ಇದೊಂದ್ ಕೊಡಾಕಿಲ್ಲ ಸಾ. ಗುಂಡಿ ಬೆಟ್ಟಮ್ಮನ್ ತಾವ ಐತೆ ಅಂತ ಬರ್ಕಳಿ. ಬೇಕಾದ್ರೆ ಅದ್ಕೂ ರುಜು ಆಕ್ತೀನಿ."