ಜಗ್ಗಿದ ಮೇಲೆ ಬೆಳ್ಳಗಾದ ಹಾಳೆ

ನಂಜನಗೂಡಿನ ಫ್ಯಾಕ್ಟರಿಯಲ್ಲಿ ನಾನು ಕೂಲಿಗಿದ್ದಾಗ ಪ್ಲಾಸ್ಟಿಕ್ಕಿಗೆ ನುಣ್ಣನೆ ಜೇಡಿಮಣ್ಣಿನ ಪುಡಿ ಬೆರೆಸಿ ಹಾಳೆ ಮಾಡುತ್ತಿದ್ದರು. ಜಗ್ಗಿದರೆ ಒಳಗಿನ ಜೇಡಿಯ ಚೂರುಗಳು ಜಗ್ಗಿದ ಕಡೆಗೇ ಮಲಗುತ್ತವೆ. ಇನ್ನೂ ಜಗ್ಗಿದರೆ ಪ್ಲಾಸ್ಟಿಕ್ಕು ಅವುಗಳಿಂದ ಬಿಟ್ಟುಕೊಂಡು ಬೆಳ್ಳಗಾಗುತ್ತದೆ, ಆಮೇಲೆ ಬಾಳೆಪಟ್ಟೆಯಂತೆ ಉದ್ದಕ್ಕೆ ಸೀಳುತ್ತದೆ.

ನರಸೀಪುರದ ಹತ್ತಿರ ರೇಷ್ಮೆಹುಳು ಸಾಕುತ್ತಿದ್ದ ತಂಗಿಗೆ ಅಂಥದೊಂದು ಹಾಳೆ ಕೊಟ್ಟಿದ್ದೆ. ಅಂಗಳದಲ್ಲಿ ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಂಕಿ ತಟ್ಟೆಗಳ ಮೇಲೆ ಅದನ್ನು ಕಟ್ಟುವ ಮುಂಚೆ, ಒದ್ದೆ ಸೀರೆಯ ಸುಕ್ಕು ಬಿಡಿಸುವಂತೆ ಗಂಡ ಹೆಂಡತಿ ತುದಿ ಹಿಡಿದು ಜಗ್ಗಿದರು.

“ಸಾಕು ಬುಡೇ, ಬೆಳ್ಳಗಾಯ್ತು,” ಅಂದೆ.

“ಫ್ಯಾಕ್ಟ್ರಿಲಿ ಕಸ ಗುಡಿಸಿ ಇಂಜಿನಿಯರ್ ಆಗ್ಬುಟ್ಟಿದ್ದೀಯ ಕಣಕ್ಕ,” ಅಂದಳು ತಂಗಿ, ಇನ್ನೊಮ್ಮೆ ಜಗ್ಗುತ್ತಾ.

ಸಂಜೆಯ ಮಳೆಗೆ ಹಾಳೆ ಉದ್ದಕ್ಕೆ ಸೀಳಿತು. ಗೂಡೆಲ್ಲ ನೆಂದು ಹಾಳಾದವು. ಆ ನಷ್ಟಕ್ಕೆ ಬೇಸತ್ತು ತಂಗಿ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದಳು, ಮತ್ತೆ ಹುಳು ಸಾಕಲಿಲ್ಲ. ಹುಳು ಸಾಕುವುದರಲ್ಲಿ ಅವಳಂಥ ಕೈ ನಮ್ಮ ಕಡೆ ಇನ್ನೊಬ್ಬರಿಗಿರಲಿಲ್ಲ. ಆ ಕೈಗುಣ ಸುಮ್ಮನೆ ಹೋಯಿತು.