ಹಸಿರು ಲೈಟ್ ಉಂಟಲ್ಲ
ಬಿಜೈ ಬಡಾವಣೆಯ ಫ್ಲ್ಯಾಟ್ ಸಂಘವೊಂದರ ಕಾರ್ಯದರ್ಶಿ ಹ್ಯೂಬರ್ಟ್ ಭದ್ರತೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹತ್ತಾರು ವರ್ಷಗಳಿಂದ ಮೀನು ತರುವ ವಾರಿಜಾಕ್ಷಿಯ ಬುಟ್ಟಿಯನ್ನೂ ಗೇಟಿನಲ್ಲೇ ಇಣುಕಿ ನೋಡುತ್ತಾರೆ; ಸತ್ತ ಬಂಗುಡೆಯ ಮೇಲೂ ಅವರಿಗೆ ಸಂಶಯ. ಗೇಟಿನ ಕ್ಯಾಮೆರಾ ನಡೆಸುವ ರೂಟರಿಗೆ ಮಾತ್ರ ಅಂಗಡಿಯಿಂದ ಬರುವಾಗ ಇದ್ದ ಪಾಸ್‌ವರ್ಡೇ ಇನ್ನೂ ಗತಿ. "ಅಂಕಲ್, ಇದರ ಸಾಫ್ಟ್‌ವೇರ್ ಹಳತಾಯ್ತು, ಯಾರು ಬೇಕಾದ್ರೂ ನುಗ್ಗಬಹುದು, ಅಪ್‌ಡೇಟ್ ಮಾಡುವ" ಎಂದು ಮೇಲಿನ ಮನೆಯ ಆಂಡ್ರಿಯಾ ಎಷ್ಟು ಸಲ ಹೇಳಿದರೂ ರೂಟರಿನತ್ತ ಬೆರಳು ತೋರಿಸಿ ಒಂದೇ ಉತ್ತರ: "ಹಸಿರು ಲೈಟ್ ಉಂಟಲ್ಲ, ಮತ್ತೆಂತ ಮಾರಾಯ್ತಿ?" ಕೊನೆಗೊಂದು ದಿನ ಕ್ಯಾಮೆರಾದ ವಿಡಿಯೊಗಳು ಊರವರ ಮೊಬೈಲುಗಳಲ್ಲಿ ಹರಿದಾಡಿದವು. ಹ್ಯೂಬರ್ಟ್ ತಕ್ಷಣ ಕ್ರಮ ಕೈಗೊಂಡರು: ದಿನಾ ಒಳಗೆ ಬರುವ ಹೊರಗಿನವಳು ವಾರಿಜಾಕ್ಷಿ ಒಬ್ಬಳೇ, ಅವಳಿಗೆ ಇನ್ನು ಪ್ರವೇಶವಿಲ್ಲ. "ನಾನು ಎಂತ ಮಾಡಿದ್ದು ಹ್ಯೂಬರ್ಟ್ ಪೊರ್ಬುಗಳೇ?" ಎಂದು ಅವಳು ಬುಟ್ಟಿ ಹೊತ್ತುಕೊಂಡೇ ಗೇಟಿನಾಚೆ ನಿಂತು ಅತ್ತದ್ದನ್ನು, ಅವರು ಬೆನ್ನು ತಿರುಗಿಸಿ ಒಳಗೆ ಹೋದದ್ದನ್ನು, ಆ ಸಂಜೆಯೇ ಊರೆಲ್ಲ ಮೊಬೈಲಿನಲ್ಲಿ, ಅದೇ ಗೇಟಿನ ಕ್ಯಾಮೆರಾದ ಕಣ್ಣಿನಿಂದ, ನೋಡಿತು.