ನನ್ನ ಕರುಳನ್ನು ನಾನೇ ನೋಡಿದೆ

ನನಗೆ ದೊಡ್ಡಕರುಳಿನ ಉರಿಯೂತವಿದೆ. ಒಮ್ಮೆ ಬಂದು ಹೋಗುವ ಕಾಯಿಲೆಯಲ್ಲ. ಆಗಾಗ ಕ್ಯಾಮೆರಾ ಕೊಳವೆ ಹಾಕಿ ಕರುಳನ್ನು ಪರೀಕ್ಷಿಸಬೇಕು. ಅದಕ್ಕಾಗಿ ನಾನೂ ನನ್ನ ಗಂಡನೂ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುತ್ತೇವೆ.

ಮೊದಲ ಸಲ ಅರೆನಿದ್ದೆಯ ಇಂಜೆಕ್ಷನ್ ಕೊಟ್ಟರು. ಆಗ ಕರುಳೆಲ್ಲ ಹುಣ್ಣು. ನೋವು ತಿಳಿಯಿತು, ಆಮೇಲೆ ಅರ್ಧ ಮರೆತೂಹೋಯಿತು. ಹೊರಗೆ ತಂದಾಗ ನಾನು ತವರಿನ ತೆಲುಗಿನಲ್ಲಿ ನರ್ಸನ್ನು ಊಟಕ್ಕೆ ಕರೆದು, ಆಕೆ ಒಲ್ಲೆ ಎಂದದ್ದಕ್ಕೆ ಗದರಿದೆನಂತೆ. ಗಂಡ ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ. ಎರಡನೆಯ ಸಲ ಪೂರಾ ನಿದ್ದೆ. ಅರಿವಳಿಕೆ ಡಾಕ್ಟರು ಹಾಲಿನಂಥ ಔಷಧವನ್ನು ಕೈಗೆ ಏರಿಸಿದರು. ಕಣ್ಣು ತೆರೆದಾಗ ಎಲ್ಲ ಮುಗಿದಿತ್ತು. ನೋವೂ ಇಲ್ಲ, ನೆನಪೂ ಇಲ್ಲ.

ಹೋದ ಚಳಿಗಾಲದಲ್ಲಿ ಮೂರನೆಯ ಸಲ ಹೋದಾಗ ಪಕ್ಕದ ಮಂಚದಲ್ಲಿ ಕುರುಗೋಡಿನ ಬಳೆ ಅಂಗಡಿಯ ಹೆಂಗಸೊಬ್ಬರಿದ್ದರು. ಅವರದೂ ಇದೇ ಕಾಯಿಲೆ. ಹೊಟ್ಟೆ ತೊಳೆಯುವ ಔಷಧ ಕುಡಿದು ಇಬ್ಬರೂ ಒಂದೇ ಪಾಯಿಖಾನೆಗೆ ಓಡಾಡುತ್ತ ಗೆಳತಿಯರಾದೆವು.

"ನಾನಂತೂ ಪೂರಾ ನಿದ್ದಿನೇ ತಗೋತೀನ್ರಿ ಅಕ್ಕಾ. ಯಾರು ಏನ್ ನೋಡಿದ್ರೋ ನನಗ ಖಬರ್ ಇರಬಾರ್ದು," ಎಂದರು.

ಡಾಕ್ಟರು ನನ್ನನ್ನೂ ಕೇಳಿದರು. "ನಿಮ್ಮ ಕರುಳು ಈಗ ತಣ್ಣಗದೆ ಅನಿಸ್ತದೆ. ಎಚ್ಚರ ಇದ್ದೇ ಮಾಡಿಸ್ಕೋಬಹುದು. ನೋವು ತಡಿಯಾಕ ಆಗ್ಲಿಲ್ಲಂದ್ರ ಹೇಳ್ರಿ, ಇಂಜೆಕ್ಷನ್ ಕೊಡ್ತೀವಿ."

ನನಗೆ ನೋಡುವ ಆಸೆಯಾಯಿತು. ಹೂಂ ಎಂದೆ.

ಒಳಗೆ ಗಾಳಿ ತುಂಬಿದಾಗ ಹೊಟ್ಟೆ ಹಿಂಡಿತು. ಒಂದು ತಿರುವಿನಲ್ಲಿ ನರ್ಸಿನ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ಪರದೆಯ ಮೇಲೆ ತಿಳಿಗೆಂಪು ಗೋಡೆಯೊಂದು ಹೊಳೆಯಿತು. ಅದರೊಳಗೆ ಎಳೆಎಳೆಯಾಗಿ ರಕ್ತನಾಳಗಳು. ಮೊದಲ ಪರೀಕ್ಷೆಯ ಫೋಟೋದಲ್ಲಿ ಇದೇ ಜಾಗ ಕೆಂಪಾಗಿ ರಕ್ತ ಒಸರುತ್ತಿತ್ತು.

"ಇದು ನಂದೇನ್ರಿ?"

"ಮತ್ಯಾರ್ದು? ಹುಣ್ಣೆಲ್ಲ ಮಾಯ್ದಾವ ನೋಡ್ರಿ."

ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ ತಾಯಿ, ಕ್ಯಾಮೆರಾ ಕುಣಿಯಾಕತ್ತೈತಿ!" ಎಂದು ಡಾಕ್ಟರೂ ನಕ್ಕರು.

ನಾನು ಹೊರಬಂದ ಮೇಲೆ ಕುರುಗೋಡಿನವರು ಒಳಗೆ ಹೋದರು. ವಾಪಸು ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಯಾವಾಗ ಕರ್ಕೊಂಡು ಹೋಗ್ತಾರ?" ಎಂದು ಕೇಳಿದರು. ಮುಗಿಯಿತೆಂದರೆ ನಂಬಲೇ ಇಲ್ಲ. ಅವರ ಕರುಳಿನಲ್ಲಿ ಹುಣ್ಣು ಇನ್ನೂ ಇದ್ದವು, ಆದರೆ ಮೊದಲಿಗಿಂತ ಕಡಿಮೆ. ನಾನು ಕಂಡದ್ದನ್ನೆಲ್ಲ ಬಣ್ಣಿಸಿದೆ.

"ನೀವು ನೋಡಿದ್ರಿ, ನಾನು ಮಕ್ಕೊಂಡೆ. ನಂದೇ ಫಾಯ್ದಾ," ಎಂದು ನನ್ನ ಕೈ ಹಿಡಿದರು.

ಹುಣ್ಣು ಹೆಚ್ಚಿದ್ದಿದ್ದರೆ ನಾನೂ ನಿದ್ದೆಯನ್ನೇ ಬೇಡುತ್ತಿದ್ದೆ. ಮುಂದೆಯೂ ಬೇಡಬಹುದು.

ಊರಿನ ಬಸ್ಸಿನಲ್ಲಿ ಗಂಡನಿಗೆ ಕರುಳಿನ ತಿರುವು ತಿರುವನ್ನೂ ವರ್ಣಿಸುತ್ತ, "ಎಷ್ಟು ಛಲೋ ಐತಿ ಗೊತ್ತೇನು!" ಎನ್ನುತ್ತ ಹೋದೆ.

"ಮೆತ್ತಗ ಮಾತಾಡ, ಮಂದಿ ಕೇಳ್ತಾರ," ಎಂದ.

ಮುಂದಿನ ಸೀಟಿನ ಹಚ್ಚೊಳ್ಳಿಯ ಅಜ್ಜ ತಿರುಗಿಯೇಬಿಟ್ಟರು. "ಏನು ಛಲೋ ಐತಂತವ್ವಾ?"

"ನನ್ನ ಕರುಳು, ಅಜ್ಜಾ."

"ಛಲೋ ಆತು ಬಿಡವ್ವ," ಎಂದು ಅಜ್ಜ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟರು.